ನಸ್ರೀನ ನುಂಗಿದ ಗುಳಿಗೆಗಳು

ಇಂಡಿ ಪಟ್ಟಣದ ಲಿಂಬಿ ಬಜಾರಿನ ಎದುರು ಚಹಾ ಮಾರುವ ಮಾಬುಬಿಗೆ ಎರಡು ವಿಷಯದಲ್ಲಿ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಒಂದು ಚಹಾ, ಇನ್ನೊಂದು ಸೊಸೆ. ಚಹಾ ತೆಳ್ಳಗಾಗಿದೆ ಎಂದು ಮೂಗು ಮುರಿದವನ ಕೈಯಿಂದ ಕಪ್ಪು ಕಸಿದುಕೊಂಡು ಗಟಾರಕ್ಕೆ ಸುರಿದು, ಬಸ್ ಸ್ಟ್ಯಾಂಡಿನ ಹೋಟೆಲ್ಲಿಗೆ ದಾರಿ ತೋರಿಸಿದ ಹೆಂಗಸು ಆಕೆ. ಸೊಸೆ ಯಾಕೋ ಸೊರಗಿದ್ದಾಳಲ್ಲ ಎಂದು ಕೇಳಿದವರಿಗೆ ಸಿಗುತ್ತಿದ್ದ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು. ಅಷ್ಟಕ್ಕೇ ಕೆಟ್ಟವಳೇ? ಅಲ್ಲ. ಕೆಟ್ಟವಳಾಗಿದ್ದರೆ ಈ ಸಂಗತಿ ಹೇಳುವುದು ಎಷ್ಟೋ ಸುಲಭವಾಗುತ್ತಿತ್ತು.

ಗಂಡ ಬಂದಗಿಸಾಬ ಬಜಾರಿನಲ್ಲಿ ಲಿಂಬಿ ಚೀಲ ಹೊರುವ ಹಮಾಲನಾಗಿದ್ದ. ಒಂದು ಮಧ್ಯಾಹ್ನ ಬೆನ್ನ ಮೇಲೆ ಚೀಲ ಇದ್ದ ಹಾಗೆಯೇ ಎದೆ ಹಿಡಿದುಕೊಂಡು ಕುಸಿದ, ಮತ್ತೆ ಏಳಲಿಲ್ಲ. ಮಗ ಮುಬಿನ ಆಗ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಕೂಸು. ಅತ್ತು ಕೂತರೆ ಹೊಟ್ಟೆ ತುಂಬುತ್ತದೆಯೇ? ಮಾಬುಬಿ ಬಜಾರಿನ ಗೋಡೆಗೆ ಒಂದು ತಗಡು ಆನಿಸಿ, ಒಲೆ ಹೂಡಿ, ಚಹಾಕ್ಕಿಟ್ಟಳು. ವರ್ಷಗಳು ಉರುಳಿದವು, ತಗಡು ಹೋಗಿ ಶೀಟು ಬಂತು, ಕಟ್ಟಿಗೆ ಹೋಗಿ ಗ್ಯಾಸು ಬಂತು, ಮುಬಿನ ದೊಡ್ಡವನಾಗಿ ಲಿಂಬಿ ಹೇರುವ ಟೆಂಪೋ ಓಡಿಸತೊಡಗಿದ. ಸಿಂದಗಿ, ಮನಗೂಳಿ, ಬಾಗೇವಾಡಿ ಎಂದು ಅವನು ಸಂತೆಯಿಂದ ಸಂತೆಗೆ ತಿರುಗುತ್ತಿದ್ದ. ತಾಯಿ ಮಾತ್ರ ಒಲೆಯ ಮುಂದಿನ ಅದೇ ಮಣೆಯ ಮೇಲೆ ಕೂತಿದ್ದಳು.

ಮಾಬುಬಿಯ ದಿನಕ್ಕೆ ಎರಡು ಚಹಾ ಕಟ್ಟುಪಾಡಿನವು. ಬೆಳಿಗ್ಗೆ ಮೊದಲು ಸೋಸಿದ್ದು ಬೋಣಿ ಚಹಾ. ಅದನ್ನು ಗಿರಾಕಿಗೆ ಕೊಡುತ್ತಿರಲಿಲ್ಲ, ದುಡಿಮೆಗೆ ಬರಕತ್ತಾಗಲಿ ಎಂದು ರಸ್ತೆಗೆ ಚಿಮುಕಿಸುತ್ತಿದ್ದಳು. ಸಂಜೆ ಅಂಗಡಿ ಮುಚ್ಚುವಾಗ ದಿನವಿಡೀ ಕುದ್ದ ಪುಡಿಗೆ ಇನ್ನೊಂದು ತಂಬಿಗೆ ನೀರು ಹೊಯ್ದು, ಅದು ಅರ್ಧಕ್ಕಿಳಿಯುವವರೆಗೆ ಕುದಿಸಿದರೆ ಕಡೀ ಚಹಾ. ಹಾಲಿಲ್ಲ, ಬರೀ ಕಪ್ಪು. ಅದನ್ನು ಮನೆಗೆ ಒಯ್ದು, ಜೋಳದ ರೊಟ್ಟಿ ಮುರಿದು ತಿಂದು, ತಾಟಿನಲ್ಲೇ ಕೈ ತೊಳೆದು, ಆ ಒದ್ದೆ ಕೈಯಲ್ಲೇ ಬಸಿ ಹಿಡಿದು ಸೊರ್ರೆಂದು ಕುಡಿಯುವಳು. ಹೊರಗಿನವರು ಆ ಚಹಾದ ಒಂದು ಗುಟುಕು ಕುಡಿದರೆ ನಾಲಿಗೆ ಹಿಂಡಿದ ಹಾಗಾಗುತ್ತಿತ್ತು. ಆಕೆಗೆ ಅದೇ ಔಷಧ. ತಲೆನೋವಿಗೆ ಅದು, ಹೊಟ್ಟೆ ಉಬ್ಬರಕ್ಕೆ ಅದು, ಗಂಡ ಸತ್ತ ದುಃಖಕ್ಕೂ ಅದೇ. ಇಷ್ಟು ವರ್ಷ ಕುಡಿದರೂ ಆಕೆಯ ಮೈ ಗುಂಡುಕಲ್ಲಿನ ಹಾಗಿತ್ತು. ಜ್ವರ ಬಂದದ್ದನ್ನು ಬಜಾರಿನಲ್ಲಿ ಕಂಡವರಿಲ್ಲ.

ಸೊಸೆ ನಸ್ರೀನ ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯವಳು. ಅವರ ಮನೆಯಲ್ಲಿ ಎಮ್ಮೆ ಇತ್ತು, ಮಜ್ಜಿಗೆ ಇತ್ತು, ಚಹಾದ ಪುಡಿ ಇರಲಿಲ್ಲ. ಚಹಾ ಅಂದರೆ ಒಂದು ನಶೆ ಎಂದು ಅವಳ ತಂದೆ ಅದನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಇಂಥ ಮನೆಯ ಹುಡುಗಿಯನ್ನು ಚಹಾದಂಗಡಿಗೆ ಸೊಸೆಯಾಗಿ ತಂದದ್ದಕ್ಕೆ ಬಜಾರೆಲ್ಲ ನಕ್ಕಿತ್ತು. ಮದುವೆಯ ಮರುದಿನ ಮಾಬುಬಿ ಬೋಣಿ ಚಹಾ ಸೋಸಿದಳು, ರಸ್ತೆಗೆ ಚಿಮುಕಿಸಲಿಲ್ಲ. ಇನ್ನು ಮೇಲೆ ನನ್ನ ಬರಕತ್ತು ನೀನೇ ಎಂದು ಕಪ್ಪನ್ನು ಸೊಸೆಯ ಕೈಗಿಟ್ಟಳು. ಅತ್ತೆ ಕೊಟ್ಟ ಮೊದಲ ಮಾನ ಅದು, ಬೇಡ ಎನ್ನಲು ಬರುತ್ತದೆಯೇ? ನಸ್ರೀನ ಕಣ್ಣು ಮುಚ್ಚಿ ಕುಡಿದಳು. ಬಾಯಿ ಒಣಗಿದ ಹಾಗಾಗುತ್ತಿದೆ, ನಾಲಿಗೆ ಹಲ್ಲಿಗೆ ಅಂಟುತ್ತಿದೆ ಎಂದು ಮುಖ ಕಿವುಚಿದಳು. ಮಾಬುಬಿ ಬಿದ್ದು ಬಿದ್ದು ನಕ್ಕಳು. ರೂಢಿಯಾಗುತ್ತದೆ ಬಿಡು ಎಂದಳು. ಅಂದಿನಿಂದ ದಿನದ ಮೊದಲ ಕಪ್ಪು ಸೊಸೆಯದೇ ಆಯಿತು.

ಅತ್ತೆ ಸೊಸೆ ಚೆನ್ನಾಗಿಯೇ ಇದ್ದರು. ನಸ್ರೀನ ಮಾತು ಕಡಿಮೆಯ ಹುಡುಗಿ. ಮಾಬುಬಿ ಒದರುವಳು, ಅವಳು ಕೇಳುವಳು, ಕೊನೆಗೆ ಸಣ್ಣಗೆ ನಕ್ಕು ತನ್ನ ಕೆಲಸಕ್ಕೆ ಏಳುವಳು. ಅವಳು ಬಸುರಿಯಾದಾಗ ಮಾಬುಬಿ ಬಜಾರಿನ ಹಮಾಲರಿಗೆಲ್ಲ ಒಂದು ಹೊತ್ತು ಪುಕ್ಕಟೆ ಚಹಾ ಕುಡಿಸಿದಳು.

ಆಶಾ ಕಾರ್ಯಕರ್ತೆ ಸುವರ್ಣಾ ಮನೆಗೆ ಬಂದು, ರಕ್ತ ಕಡಿಮೆ ಇದೆ, ಊಟದ ಮೇಲೆ ದಿನಾ ಇದೊಂದು ನುಂಗಬೇಕು ಎಂದು ಕಬ್ಬಿಣಾಂಶದ ಗುಳಿಗೆಯ ಪಟ್ಟಿ ಕೊಟ್ಟು ಹೋದಳು. ಸುವರ್ಣಾಳಿಗೆ ಇನ್ನೂ ಹತ್ತು ಮನೆ ತಿರುಗುವುದಿತ್ತು. ಹೇಗೆ ನುಂಗಬೇಕು, ಯಾವುದರ ಜೊತೆ ನುಂಗಬಾರದು ಎಂದು ಆಕೆ ಹೇಳಲಿಲ್ಲ, ಇವರು ಕೇಳಲಿಲ್ಲ. ಗುಳಿಗೆ ನುಂಗುವುದನ್ನು ಯಾರಾದರೂ ಕಲಿಸಿಕೊಡಬೇಕೇ?

ನಸ್ರೀನಳಿಗೆ ಅದು ಸೇರಲಿಲ್ಲ. ನೀರಿನ ಜೊತೆ ನುಂಗಿದರೆ ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಾಗುತ್ತದೆ ಎನ್ನುವಳು. ಹೊಟ್ಟೆ ತೊಳಸಿ, ಉಂಡದ್ದೆಲ್ಲ ಹೊರಗೆ ಬರುವುದು. ಮಾಬುಬಿಗೆ ಕರುಳು ಚುರುಕ್ಕೆಂದಿತು. ಹುಡುಗಿ ಹೀಗೆ ಕಾರಿಕೊಂಡರೆ ಹೊಟ್ಟೆಯ ಕೂಸಿನ ಗತಿಯೇನು? ಒಂದು ಸಂಜೆ ತನ್ನ ಬಸಿಯ ಕಡೀ ಚಹಾವನ್ನೇ ಅವಳ ಬಾಯಿಗೆ ಹಿಡಿದು, ಇದರ ಜೊತೆ ನುಂಗು ನೋಡೋಣ ಎಂದಳು. ನಸ್ರೀನ ನುಂಗಿದಳು. ವಾಂತಿ ಬರಲಿಲ್ಲ. ಬಿಸಿ ಚಹಾದ ಒಗರಿನಲ್ಲಿ ಕಬ್ಬಿಣದ ವಾಸನೆ ಮುಚ್ಚಿಹೋಗಿತ್ತು. ಮರುದಿನವೂ ಬರಲಿಲ್ಲ. ಮಾಬುಬಿ ಹಿಗ್ಗಿ ಹೀರೇಕಾಯಿಯಾದಳು. ದವಾಖಾನೆಯವರಿಗೆ ಹೊಳೆಯದ ಉಪಾಯ ತನಗೆ ಹೊಳೆಯಿತಲ್ಲ! ಲಿಂಬಿ ಆರಿಸುವ ಹೆಣ್ಣಾಳುಗಳಿಗೆಲ್ಲ ಅದನ್ನು ಸಾರಿದಳು. ಅವರಲ್ಲಿ ಮೆಹನಾಜ ಎಂಬ ಬಸುರಿಯೂ ಇದ್ದಳು. ಅವಳೂ ಅಂದಿನಿಂದ ಗುಳಿಗೆಯನ್ನು ಚಹಾದ ಜೊತೆಗೇ ನುಂಗತೊಡಗಿದಳು.

ಊರ ತುಂಬ ಲಿಂಬಿ. ಒಂದು ಹೋಳು ಅನ್ನದ ಮೇಲೆ ಹಿಂಡಿಕೊಳ್ಳಲೇ ಎಂದು ನಸ್ರೀನ ಆಸೆಪಟ್ಟು ಕೇಳಿದಾಗ ಮಾಬುಬಿ ಬೇಡ ಎಂದಳು. ಹುಳಿ ತಿಂದರೆ ಕೆಮ್ಮು ಬರುತ್ತದೆ, ಕೆಮ್ಮಿದರೆ ಕೂಸು ಅಲುಗುತ್ತದೆ ಎನ್ನುವುದು ಆಕೆಯ ಲೆಕ್ಕ. ಬೇಕಾದರೆ ಇನ್ನೊಂದು ಬಸಿ ಚಹಾ ಕುಡಿ ಎಂದಳು.

ಮುಂದಿನ ಸಲ ಸುವರ್ಣಾ ನಸ್ರೀನಳನ್ನು ದವಾಖಾನೆಗೆ ಕರೆದುಕೊಂಡು ಹೋಗಿ ರಕ್ತ ನೋಡಿಸಿದಳು. ಏರಿರಲಿಲ್ಲ, ಇಳಿದಿತ್ತು. ಗುಳಿಗೆಯ ಪಟ್ಟಿಗಳು ಖಾಲಿಯಾಗಿದ್ದವು, ರಕ್ತ ಮಾತ್ರ ಇಳಿದಿತ್ತು. ಸುವರ್ಣಾ ಮನೆಯ ಕಟ್ಟೆಯ ಮೇಲೆ ಕೂತು ಮಾಬುಬಿಯನ್ನು ಹತ್ತಿರ ಕರೆದಳು.

"ನುಂಗಿದ್ರ ಏರಬೇಕಿತ್ತರಿ ಚಾಚಿ. ಏರಿಲ್ಲಂದ್ರ ಹುಡುಗಿ ನುಂಗವಲ್ಲಳು. ಭಾಳ ಮಂದಿ ಹಿಂಗ ಮಾಡ್ತಾರ, ಹಿತ್ತಲದಾಗ ಒಗದು ನುಂಗೇನಿ ಅಂತಾರ. ನೀವ ಕಣ್ಣಿಟ್ಟು ನೋಡ್ಕೋರಿ."

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಹಾಗೆ ಒಗೆಯುವವರನ್ನು ಆಕೆ ಕಂಡಿದ್ದಳು. ಆದರೆ ಈ ಮಾತು ಮಾಬುಬಿಯ ತಲೆ ಹೊಕ್ಕದ್ದೇ ತಡ, ಮನೆಯ ಗಾಳಿಯೇ ಬದಲಾಯಿತು. ಆಕೆ ಚಹಾದ ಮಾತನ್ನು ಸುವರ್ಣಾಳ ಮುಂದೆ ಎತ್ತಲೇ ಇಲ್ಲ. ಮುಚ್ಚಿಡಬೇಕೆಂದಲ್ಲ. ಉಸಿರಾಡಿದೆ ಎಂದು ಯಾರಾದರೂ ಹೇಳಿಕೊಳ್ಳುತ್ತಾರೆಯೇ? ಆಕೆಗೆ ಚಹಾ ಹಾಗಿತ್ತು.

ಅಂದು ಸಂಜೆಯಿಂದ ಗುಳಿಗೆ ಮಾಬುಬಿಯ ಕೈಯಿಂದಲೇ ನಸ್ರೀನಳ ಬಾಯಿಗೆ ಹೋಗತೊಡಗಿತು. ಎದುರು ಕೂರಿಸಿಕೊಂಡು ಗುಳಿಗೆ ನಾಲಿಗೆಯ ಮೇಲಿಟ್ಟು, ಚಹಾದ ಬಸಿಯನ್ನು ತಾನೇ ಹಿಡಿದು ಕುಡಿಸುವಳು. ಆಮೇಲೆ ಬಾಯಿ ತೆಗೆ ಎನ್ನುವಳು. ನಾಲಿಗೆ ಎತ್ತು ಎನ್ನುವಳು. ಗಲ್ಲದ ಒಳಗೆ ಬೆರಳಾಡಿಸಿ ನೋಡುವಳು. ಎಮ್ಮೆ ಕೊಳ್ಳುವವರು ಹಲ್ಲು ನೋಡುವ ಹಾಗೆ ಅತ್ತೆ ತನ್ನ ಬಾಯಿ ನೋಡುವಾಗ ಹುಡುಗಿಯ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಬೆಳ್ಳಗಾದ ಆ ನಾಲಿಗೆಯನ್ನು ಮಾಬುಬಿ ದಿನಾ ನೋಡಿದಳು. ಗುಳಿಗೆ ಹುಡುಕುವ ಕಣ್ಣಿಗೆ ನಾಲಿಗೆಯ ಬಣ್ಣ ಕಾಣಿಸಲಿಲ್ಲ.

ನಸ್ರೀನ ನಡೆದರೆ ತೇಕುವಳು. ನೀರಿನ ಕೊಡ ಎತ್ತಿ ಎರಡು ಹೆಜ್ಜೆಗೆ ಗೋಡೆ ಹಿಡಿದು ನಿಲ್ಲುವಳು. ಗೋಡೆಯ ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುವುದನ್ನು ಒಂದು ದಿನ ಮಾಬುಬಿ ಕಂಡಳು. ಮೈಯಲ್ಲಿ ರಕ್ತ ಬತ್ತಿದವರಿಗೆ ಅಂಥ ಆಸೆ ಹುಟ್ಟುತ್ತದೆ ಎಂದು ಆಕೆಗೆ ಯಾರು ಹೇಳಬೇಕು? ಕದ್ದು ಮಣ್ಣು ತಿನ್ನುವವಳು ಕದ್ದು ಗುಳಿಗೆ ಉಗುಳಲಾರಳೇ ಎಂದು ಆಕೆಯ ಸಂಶಯ ಇನ್ನಷ್ಟು ಗಟ್ಟಿಯಾಯಿತು.

ಮತ್ತೆ ರಕ್ತ ನೋಡಿದರು. ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗೆ ಬಂದಿತ್ತು. ಸುವರ್ಣಾ ಗಾಬರಿಯಾಗಿ, ಜಿಲ್ಲೆಯ ದೊಡ್ಡ ದವಾಖಾನೆಗೆ ಒಯ್ದು ರಕ್ತವನ್ನೋ ಸಲೈನಿನಲ್ಲಿ ಕಬ್ಬಿಣದ ಔಷಧವನ್ನೋ ಏರಿಸಬೇಕು, ತಡ ಮಾಡಬೇಡಿ ಎಂದಳು. ಮುಬಿನ ಟೆಂಪೋ ತೆಗೆದುಕೊಂಡು ಬಾಗೇವಾಡಿಗೆ ಹೋಗಿದ್ದ. ಅವನು ಬರಲಿ ಎಂದಳು ಮಾಬುಬಿ. ಅವನು ಬಂದಾಗ, ಸೂಜಿ ಯಾಕೆ, ಇವಳು ನೆಟ್ಟಗೆ ಗುಳಿಗೆ ನುಂಗಿದರೆ ಸಾಕು ಎಂದಳು. ತಾಯಿಯ ಮಾತಿಗೆ ಎದುರಾಡಿ ಗೊತ್ತಿಲ್ಲದ ಮುಬಿನ ಹೆಂಡತಿಯ ಕಡೆ ತಿರುಗಿ, ಕೂಸಿನ ಮೇಲೆ ನಿನಗೆ ಕರುಣೆ ಇಲ್ಲವೇ ಎಂದು ಕೇಳಿದ. ಆ ಒಂದು ಮಾತು ನಸ್ರೀನಳನ್ನು ಮುರಿಯಿತು.

ನುಂಗಿದ್ದೇನೆ ಎಂದು ಅವಳು ಎಷ್ಟು ಸಲ ಹೇಳಿದ್ದಳೋ. ತಾಯಿ ಅಬಿದಾಗೆ ಫೋನಿನಲ್ಲಿ ಹೇಳಿ ಅತ್ತಿದ್ದಳು. ಅತ್ತೆ ಹೇಳಿದ ಹಾಗೆ ಕೇಳು, ಹಟ ಮಾಡಬೇಡ ಎಂದು ತಾಯಿ ಬೈದಿದ್ದಳು. ಗಂಡನ ಮಾತು ಕೇಳಿದ ಮೇಲೆ ಅವಳು ಹೊರಸಿನ ಮೇಲೆ ಕೂತಳು. ಮಾಬುಬಿ ಮತ್ತೆ ಎದುರು ನಿಂತು, ಖರೇ ಹೇಳು, ಎಲ್ಲಿ ಒಗೆಯುತ್ತೀ ಎಂದು ಕೇಳಿದಳು. ನಸ್ರೀನ ತಲೆ ಎತ್ತಲಿಲ್ಲ.

"ಹೌದ್ರಿ ಅತ್ತಿ. ಒಗದೇನಿ. ದಿನಾ ಹೊರಗ ಹೋಗಿ ಕಾರಿಕೊಂಡೇನಿ. ಇನ್ನ ಕೇಳಬ್ಯಾಡ್ರಿ, ನನಗ ಮಾತಾಡಾಕ ಆಗವಲ್ದು."

ಸುಳ್ಳು. ಅವಳ ಬಾಯಿಂದ ಬಂದ ಒಂದೇ ಒಂದು ಸುಳ್ಳು ಅದು, ಅದನ್ನೇ ಎಲ್ಲರೂ ನಂಬಿದರು. ಮಾಬುಬಿಗೆ ಎದೆಯ ಭಾರ ಇಳಿದ ಹಾಗಾಯಿತು. ನೋಡಿ, ನಾನು ಹೇಳಿರಲಿಲ್ಲವೇ! ಅಬಿದಾಗೆ ಫೋನು ಹಚ್ಚಿ, ನಿಮ್ಮ ಮಗಳು ತಾನೇ ಒಪ್ಪಿಕೊಂಡಿದ್ದಾಳೆ ಎಂದಳು. ಮರುದಿನ ಬಜಾರಿನಲ್ಲಿ ಲಿಂಬಿ ಆರಿಸುವವರ ಮುಂದೆ, ಹಮಾಲರ ಮುಂದೆ, ಗಿರಾಕಿಗಳ ಮುಂದೆ ನಾಲಿಗೆ ಹರಿಬಿಟ್ಟಳು. ನಾನು ಕೈಯಾರೆ ತಿನ್ನಿಸಿದರೂ ಹೊರಗೆ ಹೋಗಿ ಕಾರುತ್ತಾಳಂತೆ, ಇಂಥ ಹೆಣ್ಣನ್ನು ಎಲ್ಲಿಯಾದರೂ ಕಂಡಿದ್ದೀರಾ ಎಂದು ಕೇಳಿದಳು. ಕೇಳಿದವರು ಲೊಚಗುಟ್ಟಿದರು. ಸಂಜೆ ಮತ್ತೆ ಗುಳಿಗೆ, ಮತ್ತೆ ಕಡೀ ಚಹಾ. ನುಂಗಿದ ಮೇಲೆ ಒಂದು ತಾಸು ಸೊಸೆಯನ್ನು ಪಕ್ಕದಿಂದ ಏಳಲು ಬಿಡಲಿಲ್ಲ.

ದಿನ ತುಂಬುವ ಮೊದಲೇ, ಒಂದು ಮುಂಜಾನೆ, ನಸ್ರೀನಳಿಗೆ ನೋವು ಕಾಣಿಸಿಕೊಂಡಿತು. ಇಂಡಿಯ ದವಾಖಾನೆಯಲ್ಲಿ ಅವಳ ಮುಖ ನೋಡಿದವರೇ ಜಿಲ್ಲೆಗೆ ಒಯ್ಯಿರಿ ಎಂದು ಅಂಬುಲೆನ್ಸ್ ಮಾಡಿಕೊಟ್ಟರು. ಮಾಬುಬಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹುಡುಗಿಯ ಅಂಗೈ ಸುಣ್ಣದ ಹಾಗೆ ಬೆಳ್ಳಗಿತ್ತು. ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು, ಕೂಸಿಗೆ ಏನೂ ಆಗುವುದಿಲ್ಲವಲ್ಲ ಎಂದು. ಆಗುವುದಿಲ್ಲ, ಸುಮ್ಮನಿರು ಎಂದಳು ಮಾಬುಬಿ. ಆ ಹೊತ್ತಿನಲ್ಲಿ ಸಿಟ್ಟೆಲ್ಲ ಎಲ್ಲಿ ಹೋಗಿತ್ತೋ, ಸೊಸೆಯ ಹಣೆ ಒರೆಸುತ್ತ ಯಾ ಅಲ್ಲಾ, ಯಾ ಅಲ್ಲಾ ಎನ್ನುತ್ತಿದ್ದಳು.

ಹೆಣ್ಣು ಕೂಸು ಹುಟ್ಟಿತು. ಅಂಗೈ ಮೇಲೆ ಹಿಡಿಯುವಷ್ಟು ಸಣ್ಣದು, ಆದರೆ ಅತ್ತಿತು. ಅದನ್ನು ಕಾವು ಕೊಡುವ ಪೆಟ್ಟಿಗೆಯಲ್ಲಿಟ್ಟರು. ತಾಯಿಗೆ ರಕ್ತ ನಿಲ್ಲಲಿಲ್ಲ. ಎಲ್ಲ ಬಾಣಂತಿಯರಿಗೂ ಹೋಗುವ ರಕ್ತಕ್ಕಿಂತ ಕೊಂಚ ಹೆಚ್ಚು ಅಷ್ಟೇ, ಮೈಯಲ್ಲಿ ರಕ್ತ ಇದ್ದವಳು ತಡೆದುಕೊಳ್ಳುತ್ತಿದ್ದಳು. ಇವಳಲ್ಲಿ ಹೋಗಲಿಕ್ಕೆ ಏನಿತ್ತು? ಬಾಟಲಿಯ ರಕ್ತ ಏರಿಸುತ್ತಿರುವಾಗಲೇ, ಮಧ್ಯಾಹ್ನದ ಹೊತ್ತಿಗೆ, ನಸ್ರೀನಳ ಜೀವ ಹೋಯಿತು.

ಮುಬಿನ ಹೊರಗೆ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ. ಡಾಕ್ಟರ್ ಅರುಣಕುಮಾರ, ಇನ್ನೂ ಸಣ್ಣ ವಯಸ್ಸಿನವರು, ಮಾಬುಬಿಯನ್ನು ಒಳಗೆ ಕರೆದು ಕೂರಿಸಿ, ರಕ್ತ ಇಷ್ಟು ಕಡಿಮೆ ಇರುವಾಗ ಮೊದಲೇ ಯಾಕೆ ಕರೆತರಲಿಲ್ಲ ಎಂದು ಕೇಳಿದರು. ಮಾಬುಬಿ ಬಡಬಡ ಹೇಳಿದಳು. ಗುಳಿಗೆ ತಪ್ಪಿಸಿಲ್ಲ ಸಾಹೇಬರೇ, ನನ್ನ ಕೈಯಾರೆ ಕೊಟ್ಟಿದ್ದೇನೆ, ಬಾಯಿ ತೆಗೆಸಿ ನೋಡಿದ್ದೇನೆ, ಪಕ್ಕದಲ್ಲೇ ಕೂರಿಸಿಕೊಂಡಿದ್ದೇನೆ, ಆದರೂ ಆಕೆ ಹೇಗೋ ಕಾರಿಕೊಂಡಿದ್ದಾಳೆ. ನೀರಿನ ಜೊತೆ ಸೇರುತ್ತಿರಲಿಲ್ಲ ಎಂದು ಚಹಾದಲ್ಲಿ ಕೊಟ್ಟಿದ್ದೇನೆ, ಖಡಕ್ ಚಹಾದಲ್ಲಿ.

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ದಿನಾ ಚಹಾದಲ್ಲೇ ಕೊಟ್ಟಿರೇ ಎಂದು ಕೇಳಿದರು. ಹೌದು ಎಂದಳು. ಹಾಲಿಲ್ಲದ್ದೇ ಎಂದರು. ಹೌದು, ಕಡೀ ಚಹಾ ಎಂದಳು. ಡಾಕ್ಟರು ನಿಧಾನವಾಗಿ ಹೇಳಿದರು. ಚಹಾದ ಒಗರು ಇದೆಯಲ್ಲ, ಟ್ಯಾನಿನ್ ಅನ್ನುತ್ತಾರೆ, ಅದು ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತದೆ. ಹಿಡಿದದ್ದನ್ನು ಮೈಗೆ ಬಿಟ್ಟುಕೊಡುವುದಿಲ್ಲ, ತನ್ನ ಜೊತೆಗೇ ಹೊರಗೆ ಒಯ್ಯುತ್ತದೆ. ಗುಳಿಗೆಯದೂ ಅಷ್ಟೇ, ಜೋಳ ಬೇಳೆಯದೂ ಅಷ್ಟೇ. ಊಟಕ್ಕೂ ಚಹಾಕ್ಕೂ ತಾಸೆರಡು ತಾಸು ಅಂತರ ಇರಬೇಕಿತ್ತು. ನೀರಲ್ಲಿ ಲಿಂಬಿ ಹಿಂಡಿ ಅದರ ಜೊತೆ ಗುಳಿಗೆ ಕೊಟ್ಟಿದ್ದರೆ ಮೈಗೆ ಚೆನ್ನಾಗಿ ಹತ್ತುತ್ತಿತ್ತು.

ಮಾಬುಬಿಗೆ ಇದು ಸುಳ್ಳೆನಿಸಿತು. ಸುಳ್ಳಾಗಲೇಬೇಕಿತ್ತು. ಆಕೆಯ ದನಿ ಏರಿತು.

"ನಾ ಸಣ್ಣಾಕಿ ಇದ್ದಾಗಿಂದ ಕುಡ್ಯಾಕತ್ತೇನಿ ಸಾಹೇಬ್ರ. ಉಂಡ ಮ್ಯಾಲೂ ಅದ, ಉಪವಾಸಕ್ಕೂ ಅದ. ನನಗೇನಾಗೇತಿ? ನೋಡ್ರಿ ನನ್ನ."

"ನಿಮ್ಮ ಬಾಯಿ ಚಹಾಕ್ಕ ಹೊಂದಿಕೊಂಡೇತಿ ಅಮ್ಮಾ," ಎಂದರು ಡಾಕ್ಟರು. "ಆಕೀದು ಹೊಂದಿರಲಿಲ್ಲ."

ಅವರು ಬಿಡಿಸಿ ಹೇಳಿದರು. ಜೊಲ್ಲಿನಲ್ಲಿ ಒಂದು ಬಗೆಯ ಪ್ರೋಟೀನು ಇರುತ್ತದೆ, ಅದು ಒಗರನ್ನು ಬಾಯಲ್ಲೇ ಅಡ್ಡಗಟ್ಟಿ ಹಿಡಿಯುತ್ತದೆ. ಚಹಾ ಕುಡಿದಾಗ ಬಾಯಿ ಒಣಗಿ ನಾಲಿಗೆ ಅಂಟಿದ ಹಾಗಾಗುವುದೂ ಅದಕ್ಕೇ. ವರ್ಷಗಟ್ಟಲೆ ಕುಡಿದವರ ಜೊಲ್ಲಿನಲ್ಲಿ ಅಂಥ ಪ್ರೋಟೀನು ಹೆಚ್ಚಬಹುದು, ಅಂಥವರಿಗೆ ಚಹಾದ ಕಾಟ ಅಷ್ಟಾಗಿ ತಟ್ಟಲಿಕ್ಕಿಲ್ಲ ಎಂದು ಕೆಲವರು ಪರೀಕ್ಷೆ ಮಾಡಿ ಹೇಳಿದ್ದಾರೆ, ಪೂರಾ ಖಾತ್ರಿ ಇನ್ನೂ ಯಾರಿಗೂ ಇಲ್ಲ. ಅಷ್ಟಲ್ಲದೆ ನೀವು ಬಸುರಿಯಲ್ಲ, ಆಕೆ ಎರಡು ಜೀವಕ್ಕೆ ರಕ್ತ ಮಾಡಬೇಕಿತ್ತು. ನಿಮ್ಮ ಮೈ ನೋಡಿ ಆಕೆಯ ಮೈ ಅಳೆದದ್ದೇ ತಪ್ಪಾಯಿತು. ಚಹಾ ಒಂದರಿಂದಲೇ ಹೋದಳು ಎಂದು ನಾನು ಹೇಳಲಾರೆ, ಮೊದಲೇ ರಕ್ತ ಕಡಿಮೆ ಇತ್ತು, ಇಲ್ಲಿಗೆ ಬರಲು ತಡವೂ ಆಯಿತು.

ಇಷ್ಟು ಹೇಳಿ ಎದ್ದ ಡಾಕ್ಟರನ್ನು ಮಾಬುಬಿ ತಡೆದು ಇನ್ನೊಂದು ಮಾತು ಕೇಳಿದಳು. ಹಾಗಾದರೆ ಗುಳಿಗೆ ಒಗೆಯದೇ ಇದ್ದರೂ, ಒಂದೂ ತಪ್ಪದೆ ನುಂಗಿದ್ದರೂ, ರಕ್ತ ಹೀಗೇ ಇಳಿಯುತ್ತಿತ್ತೇ? ಇಳಿಯಬಹುದಿತ್ತು ಎಂದರು ಅವರು. ಮಾಬುಬಿ ಅಲ್ಲೇ ಗೋಡೆಗೆ ಆತು ಕೂತಳು. ಪಕ್ಕದಲ್ಲಿ ಕೂರಿಸಿಕೊಂಡ ಸೊಸೆ ದಿನಾ ಒಂದು ತಾಸು ಏಳದೆ ಕೂತಿದ್ದು ಆಕೆಯ ಕಣ್ಣ ಮುಂದೆ ಬಂತು. ಎದ್ದವಳೇ ಅಲ್ಲ. ಎಲ್ಲಿ ಹೋಗಿ ಕಾರಿಕೊಂಡಾಳು?

ಕೂಸಿನ ಬಳಿ ಮುಬಿನನ ಗೆಳೆಯ ಶಹಾಬುದ್ದೀನನ ಹೆಂಡತಿಯನ್ನು ಬಿಟ್ಟು, ಹೆಣವನ್ನು ಇಂಡಿಗೆ ತಂದರು. ಅಬಿದಾ ತನ್ನೂರಿನಿಂದ ಒಂದು ಬಾಡಿಗೆ ಟೆಂಪೋ ಮಾಡಿಕೊಂಡು ಮರುದಿನ ಬೆಳಿಗ್ಗೆ ಬಂದು ಮುಟ್ಟಿದಳು. ಅಷ್ಟರಲ್ಲಿ ಹೆಂಗಸರು ನಸ್ರೀನಳ ಮೈ ತೊಳೆದು ಬಿಳಿ ಬಟ್ಟೆ ಸುತ್ತಿದ್ದರು. ತಾಯಿ ಬಂದು ನೋಡಲಿ ಎಂದು ಮುಖ ತೆರೆದಿಟ್ಟಿದ್ದರು. ಗಂಡಸರು ಹೊರಗೆ ಅಂಗಳದಲ್ಲಿ ನಿಂತಿದ್ದರು. ಒಳಗೆ ಬಜಾರಿನ ಹೆಣ್ಣಾಳುಗಳೆಲ್ಲ ಗೋಡೆಗುಂಟ ಕೂತಿದ್ದರು, ಮೆಹನಾಜಳೂ ಇದ್ದಳು, ಅವಳ ಹೊಟ್ಟೆ ಈಗ ಎದ್ದು ಕಾಣುತ್ತಿತ್ತು.

ರಾತ್ರಿಯಿಡೀ ಮಾಬುಬಿಗೆ ಎಲ್ಲರೂ ಸಮಾಧಾನ ಹೇಳಿದ್ದರು. ನೀವು ಮಗಳ ಹಾಗೆ ನೋಡಿಕೊಂಡಿರಿ, ಕೈಯಾರೆ ಗುಳಿಗೆ ತಿನ್ನಿಸಿದಿರಿ, ಆಕೆಯೇ ತನ್ನ ಜೀವ ತಾನು ಕಳೆದುಕೊಂಡಳು ಎಂದಿದ್ದರು. ಒಬ್ಬಳಂತೂ ಕಿವಿಯ ಹತ್ತಿರ ಬಂದು, ಹಟಮಾರಿ ಹುಡುಗಿ, ನಿಮಗೆ ಕೆಟ್ಟ ಹೆಸರು ತಂದು ಹೋದಳು ಎಂದಿದ್ದಳು. ಮಾಬುಬಿ ತುಟಿ ಬಿಚ್ಚಿರಲಿಲ್ಲ. ಬಿಚ್ಚದಿದ್ದರೆ ಇದು ಹೀಗೇ ಮುಗಿದುಹೋಗುತ್ತಿತ್ತು. ಡಾಕ್ಟರ ಮಾತು ಕೇಳಿದವಳು ಆಕೆ ಒಬ್ಬಳೇ, ಮಗನಿಗೂ ಗೊತ್ತಿರಲಿಲ್ಲ. ನಾಳೆ ಒಲೆ ಹಚ್ಚಬಹುದಿತ್ತು, ಮಗ ತಾಯಿಯನ್ನು ತಾಯಿಯೆಂದೇ ಕರೆಯುತ್ತಿದ್ದ, ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ ಬೆಳೆಯುತ್ತಿದ್ದಳು. ನಿನ್ನ ತಾಯಿ ಗುಳಿಗೆ ಒಗೆದು ಸತ್ತಳು ಎಂದು ಅವಳಿಗೂ ಯಾರಾದರೂ ಹೇಳುತ್ತಿದ್ದರು, ಅಷ್ಟೇ.

ಅಬಿದಾ ಮಗಳ ಮುಖವನ್ನು ನೋಡಿದಳು. ಅಳಲಿಲ್ಲ. ದಾರಿಯುದ್ದಕ್ಕೂ ಅತ್ತು ಅವಳ ಕಣ್ಣು ಬತ್ತಿತ್ತು. ಹೆಣ ಎತ್ತುವ ಮೊದಲು ಸತ್ತವರ ತಪ್ಪನ್ನು ಮನ್ನಿಸಿರಿ ಎಂದು ಬಂಧುಗಳು ಕೇಳಿಕೊಳ್ಳುವ ಪದ್ಧತಿ. ಅವಳು ಮೊಣಕಾಲ ಮೇಲೆ ತೆವಳಿಕೊಂಡು ಮಾಬುಬಿಯ ಹತ್ತಿರ ಬಂದು, ಆಕೆಯ ಎರಡೂ ಕೈಗಳನ್ನು ಹಿಡಿದುಕೊಂಡಳು.

"ಅಕ್ಕಾ, ನನ್ನ ಮಗಳನ್ನ ಮಾಫ್ ಮಾಡ್ರಿ. ನೀವು ಕೈತುತ್ತ ಹಾಕಿದಾಂಗ ಹಾಕಿದ್ರಿ, ಆಕಿ ಒಗದ್ಲು. ನಾನ ನೆಟ್ಟಗ ಬೆಳಸಲಿಲ್ಲ. ನಿಮ್ಮ ಮನಿ ಕೆಡಿಸಿ ಹೋದ್ಲು, ಮಾಫ್ ಮಾಡ್ರಿ."

ಮಾಬುಬಿಗೆ ಕೈ ಕಿತ್ತುಕೊಳ್ಳಬೇಕೆನಿಸಿತು, ಆಗಲಿಲ್ಲ. ಮಾಫ್ ಮಾಡಿದೆ ಎಂದು ಒಂದು ಮಾತು ಹೇಳಿದರೆ ಸಾಕು, ಹೊರಗೆ ಕಾಯುತ್ತಿರುವವರು ಒಳಗೆ ಬರುತ್ತಾರೆ. ಆ ಮಾತು ಬಾಯಿಯವರೆಗೆ ಬಂದಿತ್ತು ಕೂಡ. ಅದನ್ನು ಹೇಳಿದ್ದರೆ ಹುಡುಗಿ ಮಣ್ಣಿನೊಳಗೂ ಸುಳ್ಳುಗಾರ್ತಿಯಾಗಿಯೇ ಹೋಗುತ್ತಿದ್ದಳು.

"ಒಗದಿಲ್ಲ ಅಬಿದಾ. ಒಂದೂ ಒಗದಿಲ್ಲ. ನಾನ ಚಾದಾಗ ಕೊಟ್ಟೇನಿ. ಚಾ ಅದನ್ನ ಮೈಗೆ ಹತ್ತಗೊಡಲಿಲ್ಲ ಅಂತ ಡಾಕ್ಟರ್ ಹೇಳಿದ್ರು. ನುಂಗೇನಿ ಅಂತ ಆಕಿ ಹೇಳಿಕೋತ ಬಂದ್ಲು, ನಾ ನಂಬಲಿಲ್ಲ. ಜುಲುಮಿ ಮಾಡಿ ಸುಳ್ಳ ಒಪ್ಪಿಸಿದೆ."

ಮಾಬುಬಿ ಮೆಹನಾಜಳ ಕಡೆ ತಿರುಗಿ, ನಾನು ಹೇಳಿಕೊಟ್ಟದ್ದನ್ನು ಬಿಡು, ಇನ್ನು ಮೇಲೆ ಗುಳಿಗೆಯ ಹತ್ತಿರ ಚಹಾ ತರಬೇಡ, ಇವತ್ತೇ ಹೋಗಿ ರಕ್ತ ತೋರಿಸು ಎಂದಳು. ಬಾಗಿಲ ಹತ್ತಿರ ಮುಬಿನ ಬಂದು ನಿಂತಿದ್ದ. ಅವನು ಎಲ್ಲ ಕೇಳಿಸಿಕೊಂಡಿದ್ದ. ತಾಯಿಯ ಮುಖ ನೋಡಲಿಲ್ಲ. ಚೌಕಟ್ಟು ಹಿಡಿದುಕೊಂಡು ಹೆಂಡತಿಯನ್ನೇ ನೋಡುತ್ತಿದ್ದ.

ಅಬಿದಾ ಹಿಡಿದಿದ್ದ ಕೈಗಳನ್ನು ಬಿಟ್ಟಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಮಾಬುಬಿ ಕಾದಳು. ಹೊಡೆದಿದ್ದರೆ ಒಳ್ಳೆಯದಿತ್ತು. ಅಬಿದಾ ಮಗಳ ಕಡೆ ತಿರುಗಿದಳು.

"ಫೋನಿನ್ಯಾಗ ನನಗೂ ಹೇಳಿದ್ಲು, ಅವ್ವಾ ನುಂಗೇನಿ ಅಂತ. ನಾನೂ ನಂಬಲಿಲ್ಲ," ಎಂದಳು. ಆಮೇಲೆ ಮಗಳ ಕಡೆ ಕೈ ತೋರಿಸಿದಳು. "ನನಗ ಹೇಳಿ ಏನ ಮಾಡ್ತೀರಿ? ಆಕಿಗೆ ಹೇಳ್ರಿ. ಎತ್ತೂದರೊಳಗ ಹೇಳ್ರಿ."

ಮಾಬುಬಿ ತೆವಳಿಕೊಂಡು ಹೋಗಿ ಹೆಣದ ತಲೆಯ ಹತ್ತಿರ ಕೂತಳು. ನಸ್ರೀನಳ ಬಾಯಿ ಬಿಗಿಯಾಗಿ ಮುಚ್ಚಿತ್ತು. ಬಗ್ಗಿ, ಕಿವಿಯ ಹತ್ತಿರ, ನೀನು ನುಂಗಿದ್ದೀ ಎಂದು ಪಿಸುಗುಟ್ಟಿದಳು.

"ಜೋರ ಹೇಳ್ರಿ," ಎಂದಳು ಅಬಿದಾ ಹಿಂದಿನಿಂದ. "ಒಗದಾಳ ಅಂತ ಬಜಾರದಾಗ ಹೇಳಿದ್ರೆಲ್ಲ, ಅಷ್ಟ ಜೋರ ಹೇಳ್ರಿ."

"ನುಂಗೀದಿ ನಸ್ರೀನಾ," ಎಂದಳು ಮಾಬುಬಿ, ಹೊರ ಅಂಗಳದವರೆಗೆ ಕೇಳುವ ಹಾಗೆ. "ಎಲ್ಲಾ ನುಂಗೀದಿ. ನಾ ನೋಡೇನಿ. ನನ್ನ ಕಣ್ಣಿಲೆ ನೋಡೇನಿ." ಹೆಂಗಸರು ಹುಡುಗಿಯ ಮುಖದ ಮೇಲೆ ಬಟ್ಟೆ ಎಳೆದರು, ಗಂಡಸರು ಎತ್ತಲು ಒಳಗೆ ಬಂದರು, ಆಕೆ ಇನ್ನೂ ಅದನ್ನೇ ಹೇಳುತ್ತಿದ್ದಳು.